ತಂದೆಯ ಸಹಿ ಕಡ್ಡಾಯ

ಧಾರವಾಡದ ಸಪ್ತಾಪುರದಲ್ಲಿ ಪೋಸ್ಟರ್ ಕಿತ್ತರೆ ಗೋಡೆಯೇ ಬಿದ್ದೀತು ಎಂಬಷ್ಟು ಕೋಚಿಂಗ್ ಕ್ಲಾಸುಗಳಿವೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪೋಸ್ಟರುಗಳ ಮೇಲೆ ಕಳೆದ ವರ್ಷ ವೆಬ್‌ಸೈಟಿನ ಕಾಣುವ, ಕಾಣದ ಎರಡೂ ಭಾಗ ಕಟ್ಟುವುದನ್ನು ಕಲಿಸುತ್ತೇವೆಂಬ ಹೊಸದೊಂದು ಪದರ ಬಂದಿತು: ‘45 ದಿನಗಳಲ್ಲಿ ಫುಲ್ ಸ್ಟ್ಯಾಕ್ ವೆಬ್ ಡೆವಲಪರ್ ಆಗಿರಿ. ಕಲಿಯಲು ವಯಸ್ಸಿನ ಮಿತಿ ಇಲ್ಲ.’ ನಿವೃತ್ತಿಯಾಗಿ ಮೂರು ವರ್ಷ ಕಳೆದಿದ್ದ, ಮುಂಜಾನೆಯ ವಾಕಿಂಗಿಗೂ ಸಂಜೆಯ ಗಿರ್ಮಿಟ್ಟಿಗೂ ನಡುವೆ ಬೇರೆ ಉದ್ಯೋಗವಿಲ್ಲದ ನನಗೆ ಆ ಎರಡನೆಯ ವಾಕ್ಯ ನನ್ನ ಹೆಸರು ಹಿಡಿದು ಕರೆದಂತೆ ಕೇಳಿಸಿತು.

ಮರುದಿನವೇ ಹೋದೆ. ಕೌಂಟರಿನ ಹುಡುಗಿ ಕೊಟ್ಟ ಅರ್ಜಿಯಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯ ಝೆರಾಕ್ಸ್, ಎರಡು ಫೋಟೊ, ಕೊನೆಯಲ್ಲಿ ‘ತಂದೆ ಅಥವಾ ಪಾಲಕರ ಸಹಿ ಕಡ್ಡಾಯ’ ಎಂದಿತ್ತು. ತಂದೆಯವರು ತೀರಿಕೊಂಡು ಇಪ್ಪತ್ತೆರಡು ವರ್ಷಗಳಾದವು ಎಂದು ತಿಳಿಸಿದೆ. ಆಕೆ ಅರ್ಜಿಯನ್ನೊಮ್ಮೆ, ನನ್ನ ಬೋಳು ತಲೆಯನ್ನೊಮ್ಮೆ ನೋಡಿ, ‘ಹಂಗಿದ್ರ ನಿಮ್ಮ ತಾಯೀದು ಹಾಕಿಸ್ಕೊಂಡ ಬರ್ರಿ, ಅಜ್ಜಾರ’ ಎಂದಳು. ಕೊನೆಗೆ ನನ್ನ ಮಗ ಪಾಲಕನಾಗಿ ಸಹಿ ಮಾಡಿದ. ಸಂಬಂಧದ ಕಾಲಮ್ಮಿನಲ್ಲಿ ಅವನು ‘ಮಗ’ ಎಂದೇ ಬರೆದನಾದರೂ ಯಾರೂ ಪ್ರಶ್ನಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಮೊದಲ ಕಂತು ಸಂದಾಯವಾಗಿತ್ತು.

ಸಪ್ತಾಪುರಕ್ಕೆ ಗೊತ್ತಿರುವ ವಿದ್ಯೆ ಒಂದೇ, ಅದು ನೋಟ್ಸ್. ವಚನ ಸಾಹಿತ್ಯವಿರಲಿ, ಸಂವಿಧಾನವಿರಲಿ, ವೆಬ್ ಡೆವಲಪ್‌ಮೆಂಟೇ ಇರಲಿ, ನಾಲ್ಕು ಆಯ್ಕೆಗಳ ಪ್ರಶ್ನೆಯಾಗಿ ಅರೆದು ಕುಡಿಸುತ್ತಾರೆ. ‘ಟಿಮ್ ಬರ್ನರ್ಸ್-ಲೀ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ವೆಬ್ಬಿನ ಪ್ರಸ್ತಾವ ಮಂಡಿಸಿದ ವರ್ಷ?’ ಎಂದು ಸರ್ ಕೇಳಿದರೆ ಅರವತ್ತು ಕಂಠಗಳು ‘1989’ ಎನ್ನುತ್ತಿದ್ದವು. ಅವುಗಳಲ್ಲಿ ನನ್ನದು ಸ್ವಲ್ಪ ಗೊಗ್ಗರು. ‘1993ರ ಏಪ್ರಿಲ್ 30ರಂದು ಸರ್ನ್ ಏನು ಮಾಡಿತು?’ ವೆಬ್ಬಿನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದೆಂದು ಜಗತ್ತಿಗೆ ಪುಕ್ಕಟೆ ಬಿಟ್ಟುಕೊಟ್ಟಿತು ಎಂಬ ಉತ್ತರವನ್ನು ನಾವು ಬರೆದುಕೊಳ್ಳುತ್ತಿರುವಾಗಲೇ ಆಫೀಸಿನ ಹುಡುಗ ಒಳಗೆ ಬಂದು, ಎರಡನೆಯ ಕಂತು ಕಟ್ಟದವರ ಹೆಸರುಗಳನ್ನು ಓದಿದ.

ಹಿಂದಿನ ಕೋಣೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ಧೂಳು ಬೀಳಬಾರದೆಂದು ಹೊದಿಸಿದ್ದ ಬಟ್ಟೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕುಳಿತಿತ್ತು. ಥಿಯರಿ ಮುಗಿಯುವ ತನಕ ಅವುಗಳನ್ನು ಮುಟ್ಟುವಂತಿರಲಿಲ್ಲ. ಹೀಗಾಗಿ ನಾವು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಅನ್ನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಅದರ ಗುರುತುಗಳಾದ ಟ್ಯಾಗುಗಳಲ್ಲಿ ತೆರೆಯುವ ಟ್ಯಾಗನ್ನು ನೀಲಿ ಪೆನ್ನಿನಿಂದಲೂ ಮುಚ್ಚುವ ಟ್ಯಾಗನ್ನು ಕೆಂಪು ಪೆನ್ನಿನಿಂದಲೂ ಬರೆದು ಕಲಿತೆವು. ಮುಚ್ಚುವ ಟ್ಯಾಗಿನ ಓರೆಗೆರೆ ಬಿಟ್ಟವರಿಗೆ ಅರ್ಧ ಅಂಕ ಕಡಿತ.

ತಡೆಯಲಾರದೆ ಒಂದು ರಾತ್ರಿ ಮೊಮ್ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬರೆದೆ, ಫೈಲಿನ ಹೆಸರಿಗೆ ಎಚ್‌ಟಿಎಂಎಲ್ ಎಂಬ ಬಾಲ ಹಚ್ಚಿದೆ, ಬ್ರೌಸರಿನಲ್ಲಿ ತೆರೆದೆ. ಪುಟ ಮೂಡಿಬಂದಿತು, ಇಂಟರ್‌ನೆಟ್ ಕೂಡ ಬೇಕಾಗಲಿಲ್ಲ. ‘ಧಾರವಾಡ ಪೇಡೆ’ ಎಂಬೆರಡು ಶಬ್ದಗಳನ್ನಷ್ಟೇ ದಪ್ಪ ಮಾಡಲು ಹೋಗಿ ಟ್ಯಾಗ್ ಮುಚ್ಚುವುದನ್ನು ಮರೆತಿದ್ದರಿಂದ ಅಲ್ಲಿಂದ ಕೆಳಗಿನ ಅಕ್ಷರಗಳೆಲ್ಲ ಪೇಡೆ ತಿಂದವರಂತೆ ದಪ್ಪಗಾದವು. ಆದರೂ ಬ್ರೌಸರ್ ಬೈಯಲಿಲ್ಲ. ಎಚ್‌ಟಿಎಂಎಲ್ ಸೋದರಮಾವನ ಸ್ವಭಾವದ್ದು, ತಪ್ಪನ್ನು ನುಂಗಿಕೊಂಡು ಊಟಕ್ಕೆ ಕರೆಯುತ್ತದೆ. ಪುಟದ ಬಣ್ಣ, ಅಂದ ನೋಡಿಕೊಳ್ಳುವ ಸಿಎಸ್‌ಎಸ್, ಚಿಲ್ಲರೆ ಕೇಳಿದಾಗ ಮುಂದೆ ಸಾಗುವ ಕಂಡಕ್ಟರನಂತೆ, ತನಗೆ ತಿಳಿಯದ ಸಾಲನ್ನು ಸುಮ್ಮನೆ ದಾಟಿ ಹೋಗುತ್ತದೆ. ಪುಟಕ್ಕೆ ಜೀವ ತುಂಬುವ ಜಾವಾಸ್ಕ್ರಿಪ್ಟ್ ಮಾತ್ರ ಸರ್ಕಾರಿ ಕಚೇರಿ. ಒಂದು ಕಂಸ ಬಿಟ್ಟುಹೋದರೂ ಇಡೀ ಫೈಲನ್ನೇ ತಿರಸ್ಕರಿಸುತ್ತದೆ. ಇದಾವುದೂ ನೋಟ್ಸಿನಲ್ಲಿ ಇರಲಿಲ್ಲ.

ನಲವತ್ತೈದು ದಿನಗಳಲ್ಲಿ ಇದೆಲ್ಲ ಹೇಗೆ ಸಾಧ್ಯ ಎಂದು ಸರ್ ಅವರನ್ನು ವಿನಯದಿಂದಲೇ ಕೇಳಿದೆ. ‘ಬ್ರೆಂಡನ್ ಐಕ್ 1995ರಾಗ ಜಾವಾಸ್ಕ್ರಿಪ್ಟನ್ನ ಹತ್ತ ದಿನದಾಗ ಹುಟ್ಟಿಸ್ಯಾರ್ರಿ. ನಿಮಗ ಕಲಿಯಾಕ ನಲವತ್ತೈದು ದಿನ ಸಾಲೂದಿಲ್ಲೇನ್ರಿ?’ ಎಂದರು. ಹತ್ತು ದಿನದ ಆ ಹೆರಿಗೆಯ ಗುರುತುಗಳನ್ನು ಜಗತ್ತು ಇನ್ನೂ ಹೊತ್ತು ತಿರುಗುತ್ತಿದೆ: ಏನೂ ಇಲ್ಲ ಎಂಬರ್ಥದ ‘ನಲ್’ ಯಾವ ಬಗೆಯದು ಎಂದು ಕೇಳಿದರೆ ಜಾವಾಸ್ಕ್ರಿಪ್ಟ್ ಇಂದಿಗೂ ‘ಆಬ್ಜೆಕ್ಟ್’ ಎನ್ನುತ್ತದೆ. ಏನೂ ಇಲ್ಲದ್ದನ್ನು ಏನೋ ಇದೆಯೆಂದು ತೋರಿಸುವ ಈ ಗುಣ ನಮ್ಮ ಕ್ಲಾಸಿನ ಪ್ರಮಾಣಪತ್ರಕ್ಕೂ ಇದೆ. ಪಠ್ಯಕ್ರಮವಂತೂ ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನಷ್ಟು ಉದ್ದವಾಗಿತ್ತು. ಗಾಡಿ ಮಾತ್ರ ಮೊದಲ ಕಂಬದ ಹತ್ತಿರವೇ ನಿಂತಿತ್ತು. ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಮೂವತ್ತೊಂದನೆಯ ದಿನ ಬಂದು ಮೂವತ್ಮೂರನೆಯ ದಿನ ಮುಗಿಯಿತು. ಲ್ಯಾಬಿನ ಬೀಗದ ಕೈ ಆಗಲೂ ಸಿಕ್ಕಿರಲಿಲ್ಲ.

ಕೊನೆಯ ವಾರ ಕ್ಲಾಸಿನದೇ ವೆಬ್‌ಸೈಟನ್ನು ತೆರೆದು ನೋಡಿದೆ. ‘ಈಗಲೇ ಸಂಪರ್ಕಿಸಿ’ ಎಂಬ ಕಿತ್ತಳೆ ಬಣ್ಣದ ಬಟನ್ ಎಷ್ಟು ಒತ್ತಿದರೂ ಬೇರೆಲ್ಲಿಗೂ ಒಯ್ಯಲಿಲ್ಲ. ಮೌಸಿನ ಬಲಗುಂಡಿ ಒತ್ತಿ ಪುಟದ ಸೋರ್ಸ್, ಅಂದರೆ ಅದರ ಹಿಂದಿನ ಮೂಲ ಬರಹ, ತೆಗೆದೆ. ಪುಣ್ಯಕ್ಕೆ ಕಂಪ್ಯೂಟರಿನ ಬಹುತೇಕ ಬ್ರೌಸರುಗಳು ಈ ಪಾಠವನ್ನು ಯಾರ ಸಹಿಯನ್ನೂ ಕೇಳದೆ ತೋರಿಸುತ್ತವೆ. ಲಿಂಕಿನ ವಿಳಾಸ ಇರಬೇಕಾದ ಜಾಗದಲ್ಲಿ ಒಂದು ಹ್ಯಾಶ್ (#) ಚಿಹ್ನೆಯಷ್ಟೇ ಕುಳಿತಿತ್ತು. ಇಷ್ಟು ದಿನದಲ್ಲಿ ನಾನು ಮಾಡಿದ ಮೊದಲ ಶೋಧವೆಂಬ ಹೆಮ್ಮೆಯಿಂದ ಸರ್ ಅವರಿಗೆ ತಿಳಿಸಿದೆ.

‘ಗೊತ್ತೈತ್ರಿ. ಸರಿ ಮಾಡಾಕ ಒಬ್ಬ ಡೆವಲಪರನ್ನ ಹುಡುಕಾಕ ಹತ್ತೇವಿ’ ಎಂದರು.

ನಾನೇ ಮಾಡಿಕೊಡುತ್ತೇನೆ, ಐದು ನಿಮಿಷದ ಕೆಲಸ ಎಂದೆ.

‘ಛೇ ಛೇ, ಹಂಗ ಬರೂದಿಲ್ಲ್ರಿ. ಮೂರು ವರ್ಷ ಅನುಭವ ಬೇಕು. ಮತ್ತ ವಯಸ್ಸು ಮೂವತ್ತರ ಒಳಗಿರಬೇಕು.’

ಆ ಬಟನ್ ಈಗಲೂ ಹಾಗೆಯೇ ಇದೆ. ವಿಳಾಸದ ಜಾಗದಲ್ಲಿ ಬರೀ ಹ್ಯಾಶ್ ಇದ್ದರೆ ಬ್ರೌಸರ್ ಓದುಗನನ್ನು ಅದೇ ಪುಟದ ಮೇಲ್ತುದಿಗೆ ಒಯ್ದು ನಿಲ್ಲಿಸುತ್ತದೆ. ಅಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಕಲಿಯಲು ವಯಸ್ಸಿನ ಮಿತಿ ಇಲ್ಲ’ ಎಂದಿದೆ.