ಆಕಾಶ ಡೊಂಕು

ಮತ್ತೆ ಅದೇ ಹೇಳಿಕೆ. ಅಮೆರಿಕದ ದೊಡ್ಡ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್‌ನವರು ಹೇಳುವುದು ಇಷ್ಟೇ: ರೇಸಿಗೆ ಜನ ಕಡಿಮೆ, ಕಾರಣ ಹವಾಮಾನ. ನೀವೂ ಓದಿರ್ತೀರಿ. ಪ್ರತಿ ಸೀಸನ್ನಿಗೆ ಊರಿನ ಹೆಸರು ಬದಲಾಗುತ್ತದೆ, ಅಷ್ಟೇ. ಮಳೆ ಬಂದರೆ ಮಳೆಯ ತಪ್ಪು. ಬಿಸಿಲು ಹೊಡೆದರೆ ಬಿಸಿಲಿನ ತಪ್ಪು. ಎರಡೂ ಇಲ್ಲದೆ ದಿನ ಲಕ್ಷಣವಾಗಿತ್ತು ಅನ್ನಿ, ಆಗ ಮುನ್ಸೂಚನೆಯ ತಪ್ಪು. ಮಳೆ ಬರಬಹುದು ಅಂತ ಟಿವಿಯವರು ಮೊದಲೇ ಹೆದರಿಸಿಬಿಟ್ಟರಂತೆ, ಜನ ಮನೆಯಲ್ಲೇ ಉಳಿದರಂತೆ. ಬಾರದ ಮಳೆಯೂ ಸೀಟು ಖಾಲಿ ಮಾಡಿಸುತ್ತದೆ. ಎಂಥಾ ಮಳೆ!

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಇವರಿಗೆ ಆ ನೆಪವೂ ಇಲ್ಲ. ಫ್ಲೋರಿಡಾದ ಡೇಟೋನಾ ಟ್ರ್ಯಾಕಿನ ತಿರುವಿನಲ್ಲಿ ನೆಲ 31 ಡಿಗ್ರಿ ವಾಲಿದೆ, ಅಲಬಾಮಾದ ಟ್ಯಾಲಡೀಗಾ ಟ್ರ್ಯಾಕಿನಲ್ಲಿ 33. ದುಡ್ಡು ಸುರಿದು ಡೊಂಕಾಗಿಯೇ ಕಟ್ಟಿಸಿದ ನೆಲ ಅದು. ಹಾಗಾಗಿ ಆಕಾಶ ಡೊಂಕು ಅಂತ ಶುರು ಮಾಡಿದರು.

ಮಳೆಯಿಂದ ತೊಂದರೆ ಇಲ್ಲ ಅಂತ ನಾನು ಹೇಳ್ತಿಲ್ಲ. ಗೆರೆಯೇ ಇಲ್ಲದ ನುಣುಪು ಟೈರು, ಗಂಟೆಗೆ 300 ಕಿಲೋಮೀಟರ್ ವೇಗ, ವಾಲಿದ ಟ್ರ್ಯಾಕು. ನಾಲ್ಕು ಹನಿ ಬಿದ್ದರೂ ನಿಲ್ಲಿಸಲೇಬೇಕು. ಇದರ ಜೊತೆಗೆ ಸಿಡಿಲಿನ ನಿಯಮ ಬೇರೆ. ಟ್ರ್ಯಾಕಿನಿಂದ 8 ಮೈಲಿ ಒಳಗೆ ಎಲ್ಲಾದರೂ ಸಿಡಿಲು ಬಡಿದರೆ 30 ನಿಮಿಷ ಎಲ್ಲ ಬಂದ್. ಇಪ್ಪತ್ತೊಂಬತ್ತನೇ ನಿಮಿಷದಲ್ಲಿ ಇನ್ನೊಂದು ಬಡಿಯಿತಾ? ಗಡಿಯಾರ ಮತ್ತೆ ಮೊದಲಿನಿಂದ. ಜನರ ಜೀವ ಉಳಿಸುವ ನಿಯಮ, ಒಪ್ಪೋಣ. ಆದರೆ ಫ್ಲೋರಿಡಾದ ಬೇಸಿಗೆ ಸಂಜೆ ಹೇಗಿರುತ್ತದೆ ಅಂತ ಅಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ಮಧ್ಯಾಹ್ನ ಮೋಡ ಕಟ್ಟುತ್ತದೆ, ಗುಡುಗುತ್ತದೆ, ಸುರಿಯುತ್ತದೆ.

ಹಳಬರಿಗೂ ಗೊತ್ತಿತ್ತು. ಅದಕ್ಕೇ ಡೇಟೋನಾದ ಜುಲೈ ರೇಸನ್ನು ಅವರು ಬೆಳಿಗ್ಗೆಯೇ ಶುರು ಮಾಡುತ್ತಿದ್ದರು. ಮೋಡ ಬರುವಷ್ಟರಲ್ಲಿ ರೇಸು ಮುಗಿದು, ಕಪ್ ಕೊಟ್ಟು, ಜನ ಸಮುದ್ರದ ಕಡೆ ಹೊರಟಿರುತ್ತಿದ್ದರು. ಕಳ್ಳಭಟ್ಟಿ ಸಾಗಿಸುತ್ತಾ ಪೊಲೀಸರಿಂದ ತಪ್ಪಿಸಿಕೊಂಡು ಡ್ರೈವಿಂಗ್ ಕಲಿತವರೂ ಇದ್ದ ಕ್ರೀಡೆ ಇದು. ಯಾವ ಹೊತ್ತಿಗೆ ಹೊರಡಬೇಕು, ಯಾವ ಹೊತ್ತಿಗೆ ಮನೆ ಸೇರಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಮೇಲೆ ಟಿವಿಯವರಿಗೆ ರಾತ್ರಿ ಬೇಕಾಯಿತು. ದೀಪ ಹಾಕಿಸಿದರು. ಮೊದಲ ವರ್ಷವೇ, 1998ರಲ್ಲಿ, ಫ್ಲೋರಿಡಾದ ಕಾಡು ಹೊತ್ತಿ ಉರಿದು ಜುಲೈ ರೇಸು ಅಕ್ಟೋಬರಿಗೆ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ಶಕುನ ಸರಿಯಿಲ್ಲ ಅಂದುಕೊಳ್ಳುತ್ತಿದ್ದರು. ಇವರು ಬಿಡಲಿಲ್ಲ. 2015ರಲ್ಲಿ ಮಳೆ ನಿಲ್ಲಲಿ ಅಂತ ಕಾದು ಕಾದು, ರೇಸು ಶುರು ಅಂತ ಹಸಿರು ಬಾವುಟ ಬೀಸಿದ್ದು ಭಾನುವಾರ ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ. ರೇಸು ಮುಗಿದಾಗ ಬೆಳಗಿನ ಜಾವ ಎರಡೂವರೆಯೂ ಆಗಿಹೋಗಿತ್ತು. ನಮ್ಮ ಕಡೆ ಆ ಹೊತ್ತಿಗೆ ಯಕ್ಷಗಾನ ರಂಗೇರುತ್ತದೆ ನಿಜ. ಆದರೆ ಅಲ್ಲಿ ಚಾಪೆ ಹಾಸಿಕೊಂಡು ಮಲಗುವ ಸೌಲಭ್ಯವಾದರೂ ಇರುತ್ತದೆ, ಅಲ್ವಾ?

2019ರಲ್ಲಿ ಇದೇ ಜುಲೈ ರೇಸು ಇನ್ನೂ ಚೆಂದ. ಹಳದಿ ಬಾವುಟ ಬಿದ್ದಿತ್ತು, ಅಂದರೆ ಎಲ್ಲರೂ ಓವರ್‌ಟೇಕ್ ಮಾಡದೆ ನಿಧಾನಕ್ಕೆ ಸಾಗಬೇಕು. ಮುಂದಿದ್ದ ಕರ್ಟ್ ಬುಷ್, ಇನ್ನೇನು ರೇಸು ಮತ್ತೆ ಶುರು ಅಂತ ಸೂಚನೆ ಬಂದಿದ್ದೇ ತಡ, ಇಂಧನ, ಟೈರು ಹಾಕಿಸಿಕೊಳ್ಳುವ ಪಿಟ್‌ಗೆ ಹೋದರು. ಅಷ್ಟರಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು. ರೇಸು ನಿಂತಿತು. ಆಮೇಲೆ ಮಳೆ ಹಿಡಿಯಿತು, ನಿಂತ ರೇಸು ಮತ್ತೆ ಏಳಲೇ ಇಲ್ಲ. ಪಿಟ್‌ಗೆ ಹೋಗದೆ ಟ್ರ್ಯಾಕಿನಲ್ಲೇ ಉಳಿದಿದ್ದ ಜಸ್ಟಿನ್ ಹೇಲಿ ಗೆದ್ದರು. ನಾಸ್ಕಾರ್‌ನ ಅತಿ ಮೇಲಿನ ಮಟ್ಟದಲ್ಲಿ ಅದು ಅವರ ಮೂರನೇ ರೇಸು. ಯಾರನ್ನೂ ಓವರ್‌ಟೇಕ್ ಮಾಡುವ ಅಗತ್ಯವೇ ಬೀಳಲಿಲ್ಲ, ಸಿಡಿಲು ಎಲ್ಲ ನೋಡಿಕೊಂಡಿತು.

ಮಳೆಯ ಮಾತು ಬಂತಲ್ಲ, ಅದೇ ಟ್ರ್ಯಾಕಿನಲ್ಲಿ ಫೆಬ್ರವರಿಯಲ್ಲಿ ನಡೆಯುವ ವರ್ಷದ ಅತಿ ದೊಡ್ಡ ರೇಸು, ಡೇಟೋನಾ 500, ಅದರ 2012ರ ಕಥೆ ಬಿಟ್ಟು ಹೇಗೆ ಮುಂದೆ ಹೋಗೋದು? ಅಷ್ಟು ವರ್ಷಗಳಲ್ಲಿ ಮೊದಲ ಸಲ ಭಾನುವಾರದ ರೇಸು ಸೋಮವಾರಕ್ಕೆ ಹೋಗಿತ್ತು. ಟ್ರ್ಯಾಕ್ ಒಣಗಿಸಲು ಇವರ ಹತ್ತಿರ ಒಂದು ಬಂಡಿ ಇದೆ. ಜೆಟ್ ಎಂಜಿನ್ ಹೊತ್ತ ಟ್ರಕ್ಕು ಅದು, ಹೊಟ್ಟೆಯಲ್ಲಿ 200 ಗ್ಯಾಲನ್ ಇಂಧನ. ನೀರು ಒರೆಸಲು ಬಾಂಬು ಎಳೆದುಕೊಂಡು ಓಡಾಡುವುದು ಅಮೆರಿಕದವರಿಗೆ ಮಾತ್ರ ಹೊಳೆಯುವ ಉಪಾಯ. ಹಳದಿ ಬಾವುಟದಲ್ಲಿ ಎಲ್ಲರೂ ನಿಧಾನಕ್ಕೆ ಹೋಗುತ್ತಿದ್ದಾಗ ಹ್ವಾನ್ ಪಾಬ್ಲೊ ಮೊಂಟೋಯಾ ಕಾರಿನಲ್ಲಿ ಏನೋ ಮುರಿಯಿತು. ಅಷ್ಟಗಲ ಟ್ರ್ಯಾಕಿನಲ್ಲಿ ಅದು ಜಾರುತ್ತಾ ಹೋಗಿ ಸರಿಯಾಗಿ ಆ ಬಂಡಿಗೇ ಗುದ್ದಿತು. ಮಳೆ ನಿಂತ ಡೇಟೋನಾದಲ್ಲಿ ಬೆಂಕಿ ಮಳೆ! ಮೊಂಟೋಯಾ, ಬಂಡಿ ಓಡಿಸುತ್ತಿದ್ದವನು, ಇಬ್ಬರೂ ಬದುಕಿದರು, ದೇವರು ದೊಡ್ಡವನು. ಟ್ರ್ಯಾಕಿನ ಮೇಲೆ ಚೆಲ್ಲಿದ ಇಂಧನ ತೊಳೆದದ್ದು ಹೇಗೆ ಗೊತ್ತಾ? ಬಟ್ಟೆ ಒಗೆಯುವ ಟೈಡ್ ಪುಡಿ ಹಾಕಿ. ಎರಡು ಗಂಟೆ ಕಾಯಬೇಕಲ್ಲ, ಇನ್ನೊಬ್ಬ ರೇಸರ್ ಬ್ರ್ಯಾಡ್ ಕೆಸಲೋವ್ಸ್ಕಿ ಕಾರಿನಿಂದ ಫೋನ್ ತೆಗೆದು ಬೆಂಕಿಯ ಫೋಟೊ ಟ್ವೀಟ್ ಮಾಡಿದರು. ಅಷ್ಟು ಹೊತ್ತಿನಲ್ಲಿ ಅವರ ಫಾಲೋವರ್‌ಗಳು ಲಕ್ಷಕ್ಕೂ ಜಾಸ್ತಿ ಏರಿದರು. ಗೆದ್ದದ್ದು ಮ್ಯಾಟ್ ಕೆನ್ಸೆತ್. ಇದೇ ಕೆನ್ಸೆತ್ 2009ರಲ್ಲೂ ಗೆದ್ದಿದ್ದರು, 200 ಸುತ್ತಿನ ರೇಸು ಮಳೆಯಿಂದ 152ಕ್ಕೇ ಮುಗಿದಾಗ. ಋಷ್ಯಶೃಂಗರು ಆ ಕಡೆ ಎಲ್ಲಾದರೂ ಹುಟ್ಟಿದ್ದರೆ ಇವರೇ ಇರಬೇಕು.

ಇಷ್ಟೆಲ್ಲ ಆದ ಮೇಲೂ ನನ್ನ ಪ್ರಶ್ನೆ ಒಂದೇ. ಟೆನೆಸಿಯ ಬ್ರಿಸ್ಟಲ್ ಟ್ರ್ಯಾಕಿನಲ್ಲಿ 1982ರಿಂದ ಸಾಲಾಗಿ 55 ರೇಸುಗಳ ಟಿಕೆಟ್ ಪೂರ್ತಿ ಖರ್ಚಾಗಿದ್ದವು. ಕೊನೆಕೊನೆಗೆ ಅಲ್ಲಿ ಸುಮಾರು ಒಂದೂವರೆ ಲಕ್ಷಕ್ಕೂ ಮೀರಿ ಸೀಟು. 2010ರ ಮಾರ್ಚ್‌ನಲ್ಲಿ ಆ ಸಾಲು ಮುರಿಯಿತು. ಅಂದರೆ ಅಷ್ಟೂ ವರ್ಷ ಟೆನೆಸಿಯಲ್ಲಿ ಮಳೆಯೇ ಬರಲಿಲ್ಲವೇ? 2010ರಲ್ಲಿ ಮೊದಲ ಬಾರಿಗೆ ಮೋಡ ಕಂಡಿತೇ? 2008ರಲ್ಲಿ ಜನರ ಕೆಲಸ ಹೋದದ್ದು, ಪೆಟ್ರೋಲ್ ಬೆಲೆ ಏರಿದ್ದು, ರೇಸಿನ ವಾರ ಸುತ್ತಮುತ್ತಲ ಹೋಟೆಲಿನವರು ಮಾಮೂಲಿ ರೂಮಿಗೆ ಅರಮನೆಯ ಬಾಡಿಗೆ ಕೇಳಿದ್ದು, ಚಾಂಪಿಯನ್ ಯಾರು ಅಂತ ಲೆಕ್ಕ ಹಾಕುವ ನಿಯಮವನ್ನು 2004ರಿಂದ ಮತ್ತೆ ಮತ್ತೆ ಬದಲಿಸಿದ್ದು, ಇದೆಲ್ಲ ಹವಾಮಾನ ಇಲಾಖೆಯ ನಕ್ಷೆಯಲ್ಲಿ ಕಾಣುವುದಿಲ್ಲ.

ಇನ್ನೊಂದು ತಮಾಷೆ. ಈ ಕ್ರೀಡೆ ಅಮೆರಿಕದ ಮನೆಮನೆಗೆ ಹೋದದ್ದೇ ಹವಾಮಾನದ ದಯೆಯಿಂದ. 1979ರ ಡೇಟೋನಾ 500. ಮೊದಲಿಂದ ಕೊನೆವರೆಗೂ ಟಿವಿಯಲ್ಲಿ ನೇರಪ್ರಸಾರ. ಅದೇ ದಿನ ಪೂರ್ವದ ರಾಜ್ಯಗಳಲ್ಲಿ ಹಿಮ ಸುರಿದು ಜನ ಮನೆಯಿಂದ ಹೊರಗೆ ಕಾಲಿಡುವ ಹಾಗಿರಲಿಲ್ಲ. ಬೇರೆ ದಾರಿಯಿಲ್ಲದೆ ಟಿವಿ ಹಾಕಿದರು. ಕೊನೆಯ ಸುತ್ತಿನಲ್ಲಿ ಮುಂದಿದ್ದ ಇಬ್ಬರೂ ಒಬ್ಬರಿಗೊಬ್ಬರು ಗುದ್ದಿಕೊಂಡರು, ಹಿಂದಿದ್ದ ರಿಚರ್ಡ್ ಪೆಟ್ಟಿ ಗೆದ್ದರು, ಆಮೇಲೆ ಹುಲ್ಲಿನ ಮೇಲೆ ಕೈಕೈ ಮಿಲಾಯಿಸಿದ್ದೂ ಆಯಿತು. ಹಿಮದಲ್ಲಿ ಸಿಕ್ಕಿಕೊಂಡಿದ್ದ ದೇಶ ಬಾಯಿ ಬಿಟ್ಟು ನೋಡಿತು. ಆ ಹಿಮಕ್ಕೆ ಯಾರೂ ಸಂಬಳ ಕೊಡಲಿಲ್ಲ. ಈಗ ಮಳೆಗೆ ಮಾತ್ರ ನೋಟಿಸ್.

ನಾನಿರುವುದು ಷಾರ್ಲಟ್ ಹತ್ತಿರ. ರೇಸು ತಂಡಗಳ ಗ್ಯಾರೇಜುಗಳು ಬಹುಪಾಲು ಇರುವುದು ಈ ಸುತ್ತಿನಲ್ಲೇ. ಬ್ಯಾಂಕು, ಸಾಫ್ಟ್‌ವೇರು ಅಂತ ಬಂದ ನಮ್ಮ ಕನ್ನಡದವರೂ ಸಾಕಷ್ಟಿದ್ದಾರೆ. ನಾಸ್ಕಾರ್‌ನ ಒಂದು ವಿಷಯವನ್ನು ನಾವೆಲ್ಲ ಮನಸಾರೆ ಮೆಚ್ಚುತ್ತೇವೆ. ಮನೆಯಿಂದ ಊಟದ ಡಬ್ಬಿ ಒಳಗೆ ತರಬಹುದು. ಬೇರೆ ಕೆಲವು ಸ್ಟೇಡಿಯಂಗಳಲ್ಲಿ ನೀರಿನ ಬಾಟಲಿಯನ್ನೂ ಕಿತ್ತುಕೊಳ್ಳುತ್ತಾರೆ. ಇಲ್ಲಿ ಸಣ್ಣ ಕೂಲರ್ ತುಂಬ ಪುಳಿಯೋಗರೆ, ಮೊಸರನ್ನ ಒಯ್ದರೂ ಗೇಟಿನವನು ಕಣ್ಣೆತ್ತಿ ನೋಡುವುದಿಲ್ಲ. ಕಾರುಗಳ ಸದ್ದಿಗೆ ಕಿವಿಗೆ ಹತ್ತಿ ತುರುಕಿಕೊಂಡು, ಅಲ್ಯೂಮಿನಿಯಂ ಬೆಂಚಿನ ಮೇಲೆ ಸೀಟು ಕಾದು ಹಂಚಾಗಿರುವಾಗ, ಮೊಸರನ್ನದ ಮೇಲೆ ಎಷ್ಟು ಭಕ್ತಿ ಬರುತ್ತದೆ ಅಂತ ತಿಂದವರಿಗೇ ಗೊತ್ತು.

ಇನ್ನು ಖಾಲಿ ಸೀಟಿಗೆ ಇವರು ಕಂಡುಕೊಂಡ ಪರಿಹಾರ. 2013ರಿಂದ ಎಷ್ಟು ಜನ ಬಂದರು ಅಂತ ಹೇಳುವುದನ್ನೇ ನಾಸ್ಕಾರ್ ನಿಲ್ಲಿಸಿತು. ಜ್ವರ ಬಂದರೆ ಥರ್ಮಾಮೀಟರ್ ಎಸೆದ ಹಾಗೆ. ಆಮೇಲೆ ಡೇಟೋನಾದಲ್ಲಿ 40 ಕೋಟಿ ಡಾಲರ್ ಸುರಿದು 2016ರ ಹೊತ್ತಿಗೆ ಸ್ಟ್ಯಾಂಡ್ ಹೊಸದು ಮಾಡಿದರು. ಇಷ್ಟು ದುಡ್ಡು ಹಾಕಿದವರು ಸೀಟು ಹೆಚ್ಚಿಸಿರಬೇಕು ಅಂದುಕೊಂಡಿರಾ? ಕಡಿಮೆ ಮಾಡಿದರು. ಆಚೆ ಬದಿಯ ಸ್ಟ್ಯಾಂಡ್ ತೆಗೆದು ಉಳಿಸಿದ್ದು ಸುಮಾರು 1,01,500. ಆ ಸೀಟುಗಳಿಗೆ ಬೇರೆ ಬೇರೆ ಬಣ್ಣ. ಟಿವಿಯಲ್ಲಿ ದೂರದಿಂದ ನೋಡಿದರೆ ಬಣ್ಣಬಣ್ಣದ ಅಂಗಿ ಹಾಕಿಕೊಂಡು ಜನ ಕೂತ ಹಾಗೇ ಕಾಣುತ್ತದೆ. ಖಾಲಿ ಕುರ್ಚಿಯೇ ಪ್ರೇಕ್ಷಕ. ಮಳೆ ಬಂದರೂ ಎದ್ದು ಹೋಗುವುದಿಲ್ಲ, ದುಡ್ಡು ವಾಪಸ್ ಕೇಳುವುದಿಲ್ಲ. ಈಗ ಡೇಟೋನಾ 500ಕ್ಕೆ ಹೌಸ್‌ಫುಲ್ ಬೋರ್ಡು ಬೀಳುತ್ತದೆ, ಸಂತೋಷ.

ಇವರಿಗೆ ನಿಜವಾದ ಚಿಂತೆ ಏಕಿಲ್ಲ ಅಂದರೆ, 2025ರಿಂದ ಏಳು ವರ್ಷಕ್ಕೆ ಟಿವಿಯಿಂದ ಬರುವುದು 770 ಕೋಟಿ ಡಾಲರ್. ಬೆಂಚಿನ ಮೇಲೆ ಕೂತವನು ಕೊಡುವ ಕಾಸು ಇದರ ಮುಂದೆ ಯಾವ ಲೆಕ್ಕ? ಹೊತ್ತು ನಿರ್ಧರಿಸುವುದು ಟಿವಿ. ಊರಿನ ಹೆಸರು ಹಿಡಿದು ಬೈಸಿಕೊಳ್ಳುವುದು ಮೋಡ.

ಆದರೆ ಆ ಬೆಂಚಿನ ಮೇಲೆ ಕೂತವನು ಯಾರು? ಕಾರ್ಖಾನೆಯಲ್ಲೋ ಗೋದಾಮಿನಲ್ಲೋ ದುಡಿಯುವವನು. ವರ್ಷಕ್ಕೊಂದು ರೇಸು ಅಂತ ದುಡ್ಡು ಕೂಡಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಎಂಟು ಗಂಟೆ ಕಾರು ಓಡಿಸಿ ಬಂದವನು. ಭಾನುವಾರ ಸಂಜೆವರೆಗೂ ಪ್ಲಾಸ್ಟಿಕ್ ಹೊದ್ದು ನೆನೆಯುತ್ತಾನೆ. ರಾತ್ರಿ ಸ್ಪೀಕರಿನಲ್ಲಿ ಸೋಮವಾರ ಬನ್ನಿ ಅಂತಾರೆ. 2012, 2020, 2024, ಮೂರು ಸಲ ಡೇಟೋನಾ 500 ಸೋಮವಾರಕ್ಕೆ ಹೋಯಿತು. ಸೋಮವಾರ ಅವನಿಗೆ ಕೆಲಸ ಇದೆ. ಮಕ್ಕಳಿಗೆ ಶಾಲೆ ಇದೆ. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಹಾಕದಿದ್ದರೆ ರೇಸು ಹೋಗುತ್ತದೆ. ಕೆಲವು ಟ್ರ್ಯಾಕಿನವರು ಇನ್ನೊಂದು ರೇಸಿಗೆ ಬನ್ನಿ ಅಂತ ಟಿಕೆಟ್ ದುಡ್ಡು ಜಮಾ ಇಡುತ್ತಾರೆ. ಹೋಟೆಲ್ ಬಾಡಿಗೆ, ಪೆಟ್ರೋಲು, ಎರಡು ದಿನ ಯಾರು ಜಮಾ ಇಡುತ್ತಾರೆ? ಅವನು ಮುಂದಿನ ವರ್ಷ ಬರಲ್ಲ. ಅವನನ್ನು ಓಡಿಸಿದ್ದು ಮಳೆಯಲ್ಲ, ನಾಸ್ಕಾರ್‌ನವರೇ. ನೀವು.

2024ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಳೆ ಬಂತು. ತುಂಬಾ ಹೊತ್ತು ಕಾದ ಮೇಲೆ ಒದ್ದೆ ಟ್ರ್ಯಾಕಿಗೆಂದೇ ಮಾಡಿದ ಟೈರು ಹಾಕಿ ಅದೇ ದಿನ ರೇಸು ಮುಗಿಸಿದರು. ಚಿಕ್ಕ ಟ್ರ್ಯಾಕಿನಲ್ಲಾದರೂ ಆಗುತ್ತದೆ ಅಂತಾಯ್ತಲ್ಲ. ಡೇಟೋನಾದಂಥ ಕಡೆ ಆಗಲ್ಲ, ಸರಿ. ಅಲ್ಲಿ ಹಳಬರ ಹಾಗೆ ಬೆಳಿಗ್ಗೆ ಹನ್ನೊಂದಕ್ಕೆ ಬಾವುಟ ಬೀಸಿ. ಸೋಮವಾರಕ್ಕೆ ಹೋದರೆ ಕೇಳಿದವರಿಗೆ ದುಡ್ಡು ವಾಪಸ್ ಕೊಡಿ. ಇಷ್ಟು ಮಾಡಿದ ಮೇಲೂ ಜನ ಬರದಿದ್ದರೆ ಮಳೆಯನ್ನು ಬಾಯಿಗೆ ಬಂದ ಹಾಗೆ ಬೈಯಿರಿ, ನಾನೂ ಜೊತೆಗೆ ಬೈಯ್ತೀನಿ.