‘ಪೇಷೆಂಟ್ ಕಡೆಯವರ’ ಬಗ್ಗೆ ಓದುತ್ತಿರುವವರಿಗೆ ಒಂದು ಕೂಟ ಬೇಕು

ನಮ್ಮ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಮಾತು ‘ಪೇಷೆಂಟ್ ಕಡೆಯವರು ಯಾರ್ರೀ?’ ಎಂಬುದು. ಔಷಧಿ ತರಲು, ರಕ್ತ ಹೊಂದಿಸಲು, ಸ್ಕ್ಯಾನಿಂಗಿಗೆ ಟ್ರಾಲಿ ತಳ್ಳಲು, ಡ್ರಿಪ್ ಮುಗಿಯಿತೇ ಎಂದು ರಾತ್ರಿಯೆಲ್ಲ ನೋಡುತ್ತ ಕೂರಲು, ಕೊನೆಗೆ ಬಿಲ್ ಕೌಂಟರಿನ ಮುಂದೆ ನಿಲ್ಲಲು ಆ ಕಡೆಯವರೇ ಆಗಬೇಕು. ಇಷ್ಟೆಲ್ಲ ಮಾಡಿದರೂ ಕೇಸ್ ಶೀಟಿನಲ್ಲಿ ಅವರಿಗೆ ಸಿಗುವ ಜಾಗ ಹೆಚ್ಚೆಂದರೆ ಒಂದು ಸಹಿಯಷ್ಟು. ಈ ಕಡೆಯವರನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಂಡ ಹೊಸ ಸಂಶೋಧಕರು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಅವರಿಗೆ ಒಬ್ಬರ ಗುರುತು ಒಬ್ಬರಿಗಿಲ್ಲ ಎಂಬುದೇ ನನ್ನ ತಕರಾರು.

ಗುರುತಿಲ್ಲದಿರುವುದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ. ಕುಟುಂಬ ಎಂಬ ವಿಷಯ ಒಂದೊಂದು ಕಡೆ ಒಂದೊಂದು ವಿಭಾಗದ ಪಾಲಾಗಿದೆ. ನಿಮ್ಹಾನ್ಸ್‌ನಲ್ಲಿ ಅದು ಬಹುಮಟ್ಟಿಗೆ ಮನೋವೈದ್ಯಕೀಯ ಸಮಾಜಕಾರ್ಯದವರ ಕೈಯಲ್ಲಿದೆ; ನರ್ಸಿಂಗ್ ಕಾಲೇಜುಗಳಲ್ಲಿ ಸಮುದಾಯ ಆರೋಗ್ಯದವರು ನೋಡಿಕೊಳ್ಳುತ್ತಾರೆ; ಸಮಾಜಶಾಸ್ತ್ರದವರಿಗಂತೂ ಎಂ. ಎನ್. ಶ್ರೀನಿವಾಸರು 1942ರಲ್ಲಿ ಹಳೆಯ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದಾಗಿನಿಂದಲೂ ಇದು ಮನೆಯ ಆಸ್ತಿ. ನಾನು ಧಾರವಾಡದಲ್ಲಿ ಮಾನಸಿಕ ರೋಗಿಗಳ ಆರೈಕೆ ಮಾಡುವವರನ್ನು ಸಂದರ್ಶಿಸುತ್ತ ಎರಡು ವರ್ಷ ಕಳೆದೆ. ಅದೇ ಊರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ ಎಂಬುದು ನನಗೆ ತಿಳಿದದ್ದು ಪ್ರಬಂಧ ಸಲ್ಲಿಸಿದ ಮೇಲೆ, ಅದೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿಯೊಬ್ಬಳ ಬಾಯಿಂದ.

ಇದರಿಂದ ಆಗುವ ನಷ್ಟ ಎಂಥದ್ದೆಂದು ‘ಹೊರೆ’ ಎಂಬ ಒಂದು ಪದವನ್ನೇ ಹಿಡಿದು ಹೇಳುತ್ತೇನೆ. ಆರೈಕೆ ಮಾಡುವವರ ಸಂಕಷ್ಟವನ್ನು ಅಳೆಯಲು ಲೋಕದಲ್ಲೆಲ್ಲ ಬಳಕೆಯಲ್ಲಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರಿಟ್ ಅವರ 22 ಪ್ರಶ್ನೆಗಳ ಮಾಪಕ. ಅದರ ಬೇರು 1980ರಲ್ಲಿದೆ. ಅದರ ಮರುವರ್ಷವೇ, ಅಂದರೆ 1981ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ ಅವರು ಮನೋರೋಗಿಯ ಕುಟುಂಬದ ಮೇಲೆ ಬೀಳುವ ಭಾರವನ್ನು ತಿಳಿಯಲು 24 ಅಂಶಗಳ ಸಂದರ್ಶನ ಪಟ್ಟಿಯೊಂದನ್ನು ಪ್ರಕಟಿಸಿದರು. ಹಣಕಾಸು, ಮನೆಯ ದಿನಚರಿ, ಬಿಡುವು, ಮನೆಯವರ ನಡುವಿನ ಒಡನಾಟ, ಉಳಿದವರ ದೇಹಾರೋಗ್ಯ, ಅವರ ಮನಸ್ಸಿನ ಆರೋಗ್ಯ ಎಂಬ ಆರು ಭಾಗಗಳು ಅದರಲ್ಲಿವೆ. ನನ್ನ ಗೈಡ್ ಹೇಳದೇ ಹೋಗಿದ್ದರೆ ಇದು ನನಗೆ ಸಿಗುತ್ತಲೇ ಇರಲಿಲ್ಲ. ಸಿಕ್ಕ ಮೇಲೆ ಪ್ರಶ್ನೆಗಳನ್ನು ನನ್ನ ಕ್ಷೇತ್ರದ ಕನ್ನಡಕ್ಕೆ ತರಲು, ಅದನ್ನು ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಲು, ಎರಡನ್ನೂ ತಾಳೆ ನೋಡಲು ಐದು ತಿಂಗಳು ಹಿಡಿಯಿತು. ಆ ಕೆಲಸ ಮುಗಿದ ಮೇಲೆ ಗೊತ್ತಾಯಿತು, ಪಕ್ಕದ ಜಿಲ್ಲೆಯಲ್ಲಿ ಇನ್ನೊಬ್ಬರು ಇದೇ ಐದು ತಿಂಗಳನ್ನು ಇದೇ ರೀತಿ ಕಳೆದಿದ್ದರು.

ಅವರೂ ನನ್ನಂತೆಯೇ ‘ಹೊರೆ’ ಎಂದು ಬರೆದಿದ್ದರು, ನನ್ನಂತೆಯೇ ಪೆಟ್ಟು ತಿಂದಿದ್ದರು. ‘ನಿಮ್ಮ ಗಂಡನ ಕಾಯಿಲೆ ನಿಮಗೆ ಹೊರೆ ಅನ್ನಿಸುತ್ತದೆಯೇ’ ಎಂದು ನಾನು ಕೇಳಿದಾಗ ಹೆಣ್ಣುಮಗಳೊಬ್ಬಳು ‘ಹಂಗ ಅಂದ್ರ ನಾ ಏನ್ ಹೆಂಡತಿರೀ?’ ಎಂದು ಎದ್ದು ಹೋಗಿದ್ದಳು. ಅದೇ ಹೆಣ್ಣುಮಗಳು ಮರುದಿನ ತಾನಾಗಿ ಬಂದು, ಮೂರು ವರ್ಷದಿಂದ ತವರಿನ ಜಾತ್ರೆಗೆ ಹೋಗಿಲ್ಲವೆಂದೂ ಬೆನ್ನು ನೋವಿಗೆ ತೋರಿಸಿಕೊಳ್ಳಲು ಪುರುಸೊತ್ತಿಲ್ಲವೆಂದೂ ಅರ್ಧ ಗಂಟೆ ಹೇಳಿದಳು. ‘ಹೊರೆ’ ಎಂಬ ಪದವನ್ನು ಕೈಬಿಟ್ಟು ‘ಏನೇನು ಬಿಡಬೇಕಾಯಿತು’ ಎಂದು ಕೇಳಿದರೆ ಜನ ಮಾತಾಡುತ್ತಾರೆ ಎಂಬುದನ್ನು ನಾವಿಬ್ಬರೂ ಬೇರೆ ಬೇರೆಯಾಗಿ, ತಲಾ ಇಪ್ಪತ್ತು ಸಂದರ್ಶನ ಕೆಡಿಸಿಕೊಂಡು ಕಲಿತೆವು. ಇಂಥ ಪಾಠ ಯಾವ ಜರ್ನಲ್ಲಿನಲ್ಲೂ ಅಚ್ಚಾಗುವುದಿಲ್ಲ. ಕೆಟ್ಟ ಸಂದರ್ಶನಗಳನ್ನು ಯಾರು ಅಚ್ಚು ಹಾಕಿಸುತ್ತಾರೆ?

ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದದ್ದು. ಕ್ಯಾನ್ಸರ್ ರೋಗಿಗಳ ಮನೆಯವರ ನಡುವೆ ಕೆಲಸ ಮಾಡುವ ಪ್ರತಿಯೊಬ್ಬರೂ ‘ಅವರಿಗೆ ಹೇಳಬೇಡಿ, ಅವರಿಗೆ ಗೊತ್ತಿಲ್ಲ’ ಎಂಬ ಮಾತನ್ನು ಕೇಳಿರುತ್ತಾರೆ. ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪಿದ ಮಾಹಿತಿ ಪತ್ರದ ಮೊದಲ ಸಾಲಿನಲ್ಲೇ ‘ಕ್ಯಾನ್ಸರ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮಗನ ಕೈಗೆ ಕೊಟ್ಟ ಆ ಹಾಳೆ ಮಂಚದ ಮೇಲಿರುವ ಅಪ್ಪನ ಕೈಗೆ ಹೋದರೆ ಗತಿಯೇನು? ಸಂದರ್ಶನಕ್ಕೆ ಬೇರೆ ಕೋಣೆ ಎಲ್ಲಿದೆ? ಕಾರಿಡಾರಿನಲ್ಲಿ ನಿಂತು ಮಾತಾಡಿದರೆ ಪಕ್ಕದ ಬೆಡ್ಡಿನ ಕಡೆಯವರೂ ಉತ್ತರ ಕೊಡುತ್ತಾರೆ. ಇಪ್ಪತ್ತೈದರ ಹುಡುಗಿಯೊಬ್ಬಳು ಇದನ್ನೆಲ್ಲ ಒಬ್ಬಳೇ ಎದುರಿಸಿ, ಸಂಜೆ ಹಾಸ್ಟೆಲಿಗೆ ಹೋಗಿ ಅತ್ತು, ಮರುದಿನ ಮತ್ತೆ ವಾರ್ಡಿಗೆ ಬರುತ್ತಾಳೆ. ಗೈಡ್‌ಗಳಿಗೆ ಹೊರರೋಗಿ ವಿಭಾಗವೂ ಇದೆ, ಪಾಠವೂ ಇದೆ. ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಇದೇ ಗೊಂದಲವನ್ನು ಕಳೆದ ವರ್ಷ ದಾಟಿದ ಒಬ್ಬರ ಫೋನ್ ನಂಬರ್ ಅವಳ ಬಳಿ ಇದ್ದಿದ್ದರೆ ಸಾಕಿತ್ತು.

ಹೊರಗಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಕುಟುಂಬವನ್ನು ಕೇಂದ್ರದಲ್ಲಿಟ್ಟ ನರ್ಸಿಂಗ್ ಸಂಶೋಧಕರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆಯಿತು. ಆ ಬಳಗ ಮುಂದೆ ಸಂಘವಾಗಿ ಬೆಳೆಯಿತು, 1995ರಿಂದ ಅದೇ ಕ್ಷೇತ್ರಕ್ಕೆ ಮೀಸಲಾದ ಜರ್ನಲ್ಲೂ ಇದೆ. ಅವರಿಂದ ಕಲಿಯುವುದು ಬೇಕಾದಷ್ಟಿದೆ. ಆದರೆ ಹದಿನೈದು ನಿಮಿಷದಲ್ಲಿ ಕುಟುಂಬದೊಂದಿಗೆ ಹೇಗೆ ಮಾತಾಡಬೇಕೆಂದು ನರ್ಸ್‌ಗೆ ಕಲಿಸುವ ಅವರ ಬರಹ ಓದುವಾಗ ನನಗೆ ನಗು ಬಂದದ್ದೂ ನಿಜ. ನಮ್ಮ ವಾರ್ಡುಗಳಲ್ಲಿ ನರ್ಸ್ ಮಾಡಬೇಕಾದ ಅರ್ಧ ಕೆಲಸವನ್ನು ಮನೆಯವರೇ ಮಾಡುತ್ತಿರುತ್ತಾರೆ. ಇನ್ನು ಕುಟುಂಬವೆಂದರೆ ಯಾರು ಎಂಬ ಪ್ರಶ್ನೆಯೂ ಇಲ್ಲಿಯದೇ. ನಮ್ಮಲ್ಲಿ ಕಷ್ಟಕ್ಕೆ ಮೊದಲು ಓಡಿ ಬರುವವನು ಸೋದರಮಾವ. 1994ರ ಅಂಗಾಂಗ ಕಸಿ ಕಾಯ್ದೆಯ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಅವನಿಲ್ಲ. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಸೇರಿಸಿತು, ಮಾವ ಹೊರಗೇ ಉಳಿದ.

ಹಾಗಾದರೆ ಕೂಟ ಹೇಗಿರಬೇಕು? ಉದ್ಘಾಟನೆ, ಲೋಗೋ, ಗೌರವಾಧ್ಯಕ್ಷರು ಇವುಗಳಿಂದ ಶುರುವಾದ ಬಳಗಗಳು ಶಾಲು ಹೊದಿಸುವುದರಲ್ಲೇ ಸುಸ್ತಾಗುವುದನ್ನು ನೋಡಿದ್ದೇನೆ. ವಾಟ್ಸಾಪ್ ಗುಂಪಿನ ಪಾಡು ಹೇಳುವುದೇ ಬೇಡ, ಮೂರನೆಯ ವಾರಕ್ಕೆ ಶುಭೋದಯ ಮಾತ್ರ ಉಳಿದಿರುತ್ತದೆ. ನನ್ನ ಪ್ರಕಾರ ಸದಸ್ಯತ್ವಕ್ಕೆ ಒಂದೇ ಶುಲ್ಕವಿರಬೇಕು: ಮುಗಿಯದ ಕೆಲಸವೊಂದನ್ನು ತಂದು ಎಲ್ಲರ ಮುಂದಿಡುವುದು. ಅದು ಕನ್ನಡಕ್ಕೆ ತಂದ ಪ್ರಶ್ನಾವಳಿಯಾಗಿರಬಹುದು, ಕಮಿಟಿ ವಾಪಸ್ ಕಳಿಸಿದ ಒಪ್ಪಿಗೆ ಪತ್ರವಾಗಿರಬಹುದು, ಅಥವಾ ಹೆಸರು, ಊರು, ಗುರುತು ಎಲ್ಲ ತೆಗೆದು, ಹಂಚಲು ಅನುಮತಿಯಿರುವ ಸಂದರ್ಶನದ ಬರಹವಾಗಿರಬಹುದು. ಎಂ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳು ಮೊದಲು ಬರಬೇಕು, ಏಕೆಂದರೆ ಅವರ ಪ್ರಬಂಧ ಎರಡು ವರ್ಷದಲ್ಲಿ ಮುಗಿದು ಕಾಲೇಜಿನ ಕಪಾಟು ಸೇರುತ್ತದೆ, ಅವರು ಡ್ಯೂಟಿಗೆ ಮರಳುತ್ತಾರೆ, ಅವರು ಕಂಡದ್ದು ಅಲ್ಲಿಗೇ ನಿಲ್ಲುತ್ತದೆ. ಚರ್ಚೆ ಕನ್ನಡದಲ್ಲಿ ನಡೆಯಬೇಕು ಎಂಬುದು ಅಭಿಮಾನದ ಮಾತಲ್ಲ. ಕಡೆಯವರು ಮಾತಾಡಿದ್ದು ಕನ್ನಡದಲ್ಲಿ, ಇಂಗ್ಲಿಷಿಗೆ ಹೋಗುವ ಹೊತ್ತಿಗೆ ‘ಹಂಗ ಅಂದ್ರ ನಾ ಏನ್ ಹೆಂಡತಿರೀ’ ಎಂಬುದು ‘ಪ್ರತಿಕ್ರಿಯೆ ನೀಡಲು ನಿರಾಕರಣೆ’ ಆಗಿಬಿಡುತ್ತದೆ.

ಒಂದು ಅಂಜಿಕೆಯನ್ನು ಮುಚ್ಚಿಡಲಾರೆ. ತಂದಿಟ್ಟ ವಿಷಯವನ್ನು ಇನ್ನೊಬ್ಬರು ಎತ್ತಿಕೊಂಡು ಮೊದಲು ಪ್ರಕಟಿಸಿದರೆ? ಆಗಿದೆ, ಆಗುತ್ತದೆ. ಯಾರು ಏನನ್ನು ಯಾವ ದಿನ ತಂದರು ಎಂದು ದಾಖಲಿಸುವ ಒಂದು ಪುಸ್ತಕ ಇಟ್ಟರೆ ಅರ್ಧ ಜಗಳ ತಪ್ಪುತ್ತದೆ, ಉಳಿದರ್ಧಕ್ಕೆ ನನ್ನಲ್ಲಿ ಮದ್ದಿಲ್ಲ.

ಈಗ ನಾವು ಐದು ಜನ ಇದ್ದೇವೆ. ಪ್ರತಿ ತಿಂಗಳ ಎರಡನೇ ಶನಿವಾರ ಸಂಜೆ ಆನ್‌ಲೈನ್‌ನಲ್ಲಿ ಒಂದೂವರೆ ಗಂಟೆ ಕೂರುತ್ತೇವೆ, ಒಬ್ಬರ ಕೆಲಸವನ್ನು ಮಾತ್ರ ಓದುತ್ತೇವೆ. ಬರಬೇಕೆನ್ನುವವರು ಇನ್‌ಬಾಕ್ಸಿಗೆ ಬರೆಯಿರಿ, ಜೊತೆಗೆ ನಿಮ್ಮ ಅರ್ಧಂಬರ್ಧ ಕಾಗದವೊಂದು ಇರಲಿ. ಮುಂದಿನ ಸರದಿ ನನ್ನದು. ಎದ್ದು ಹೋದ ಆ ಹೆಣ್ಣುಮಗಳ ಎರಡೂ ದಿನದ ಮಾತುಗಳನ್ನು ತರುತ್ತಿದ್ದೇನೆ. ಪೈ ಮತ್ತು ಕಪೂರ್ ಅವರ ಪಟ್ಟಿಯ ಆರು ಭಾಗಗಳಲ್ಲಿ ಅವಳ ತವರಿನ ಜಾತ್ರೆಯನ್ನು ಎಲ್ಲಿ ಸೇರಿಸಬೇಕೆಂದು ನನಗೆ ಇನ್ನೂ ಬಗೆಹರಿದಿಲ್ಲ.