ಪದ್ಯಕ್ಕೆ ಅರ್ಥ ಹೇಳುವವರು ಹಾಡನ್ನು ಕೇಳುವ ಬಗೆ

ನಮ್ಮ ಬದಿಯ ಮದುವೆಗಳಲ್ಲಿ, ಅದು ಶಿರಸಿಯ ಕಲ್ಯಾಣ ಮಂಟಪವಿರಲಿ, ಕುಮಟೆಯ ಮನೆಯಂಗಳದ ಚಪ್ಪರವಿರಲಿ, ಆರತಕ್ಷತೆಯ ಹೊತ್ತಿಗೆ ಧ್ವನಿವರ್ಧಕದಿಂದ ‘ಅನಿಸುತಿದೆ ಯಾಕೋ ಇಂದು’ ಕೇಳಿಬರದಿದ್ದರೆ ಏನೋ ಕೊರತೆಯಾದಂತೆ ಕಾಣುತ್ತದೆ. 2006ರ ‘ಮುಂಗಾರು ಮಳೆ’ ಚಿತ್ರಕ್ಕಾಗಿ ಗೋಕರ್ಣದವರೇ ಆದ ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ಈ ಗೀತೆ ಎಷ್ಟು ಸಲ ಕೇಳಿದರೂ ಹಳತಾಗಿಲ್ಲ ಎಂಬುದು ನಿಜ. ಆದರೆ ಆ ಚಿತ್ರದಲ್ಲಿ ನಾಯಕಿಯ ಮದುವೆ ಬೇರೊಬ್ಬನೊಡನೆ ನಿಶ್ಚಯವಾಗಿದೆ ಮತ್ತು ನಾಯಕ ಕೊನೆಗೆ ಅವಳನ್ನು ಬಿಟ್ಟುಕೊಟ್ಟು ಒಬ್ಬನೇ ಉಳಿಯುತ್ತಾನೆ. ಹಾಡಿನ ಮೊದಲ ಮಾತೇ ಅನುಮಾನದ್ದು: ಇವಳು ನನ್ನವಳು ಎಂದು ಅದು ಹೇಳುವುದಿಲ್ಲ, ಯಾಕೋ ಹಾಗನಿಸುತ್ತಿದೆ ಎನ್ನುತ್ತದೆ ಅಷ್ಟೆ. ಮುಂದೆ ಹೋದಂತೆ ಆ ಸುಖವನ್ನೇ ಯಾತನೆಯೆಂದು ಕರೆದು, ತನ್ನನ್ನು ಕೊಂದುಬಿಡೆಂದು ಹುಡುಗಿಯನ್ನೇ ಬೇಡಿಕೊಳ್ಳುತ್ತದೆ. ವಧೂವರರು ಹಾರ ಹಾಕಿಕೊಂಡು ಫೋಟೋಕ್ಕೆ ನಿಂತಿರುವಾಗ, ಹುಡುಗಿ ಕೈತಪ್ಪಿದವನ ಹಾಡು ಹಿನ್ನೆಲೆಯಲ್ಲಿ ಸಾಗುತ್ತಿರುತ್ತದೆ. ಅಕ್ಷತೆ ಹಾಕಲು ಸಾಲುಗಟ್ಟಿದ ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ.

ಹಾಡನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಉದ್ಯೋಗದ ನಿಮಿತ್ತ ಪುಣೆಗೆ ಬಂದು ನೆಲೆಸಿದ ನನಗೆ ಊರಿಗೆ ಹೋದಾಗಲೆಲ್ಲ ಇದು ಎದ್ದು ಕಾಣಲು ಕಾರಣವೇ ಬೇರೆ. ಹಾಡಿದ ಮಾತಿನ ಅರ್ಥವನ್ನು ಬಿಡಿಸಿ ನೋಡುವುದನ್ನೇ ಒಂದು ಕಲೆಯನ್ನಾಗಿ ಬೆಳೆಸಿದ ಜನ ನಾವು. ಮಳೆಗಾಲದಲ್ಲಿ ಬಯಲಾಟಗಳು ನಿಂತ ಮೇಲೆ ನಮ್ಮ ಜಗುಲಿಗಳಲ್ಲಿ, ದೇವಸ್ಥಾನದ ಚಂದ್ರಶಾಲೆಗಳಲ್ಲಿ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಭಾಗವತರ ಪದ್ಯ ಮತ್ತು ಅರ್ಥಧಾರಿಯ ಮಾತು ಮಾತ್ರ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಪದ್ಯ ಕೆಲವೇ ಸಾಲುಗಳದು. ಭಾಗವತರು ಅದನ್ನು ಹಾಡಿ ಮುಗಿಸಿದ ಮೇಲೆ ಅರ್ಥಧಾರಿ ಹೆಗಲಿನ ಶಾಲು ಸರಿಪಡಿಸಿಕೊಂಡು, ಒಂದು ಗುಟುಕು ನೀರು ಕುಡಿದು ಮಾತು ತೆಗೆಯುತ್ತಾನೆ: ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಕ್ಷಾತ್ರ, ನಿನಗೂ ನನಗೂ ಇದ್ದ ವೈರವೇನು, ಹೆಂಡತಿಯನ್ನು ಬಿಡಿಸಿಕೊಳ್ಳಲು ನೆರವು ಬೇಕಿದ್ದರೆ ನನ್ನನ್ನೇ ಏಕೆ ಕೇಳಲಿಲ್ಲ? ಅರ್ಧ ಗಂಟೆ ಕಳೆದರೂ ವಾಲಿಯ ಮಾತು ಮುಗಿದಿರುವುದಿಲ್ಲ, ಎದುರು ಕುಳಿತವರು ಕವಳ ಹಾಕುವುದನ್ನೂ ಮರೆತು ಕೇಳುತ್ತಿರುತ್ತಾರೆ, ಮರುದಿನ ತೋಟದಲ್ಲಿ ಅಡಿಕೆ ಮರಕ್ಕೆ ಔಷಧ ಹೊಡೆಸುತ್ತ ರಾಮನ ಪಾತ್ರಧಾರಿ ಎಲ್ಲಿ ಸೋತನೆಂದು ಚರ್ಚಿಸುತ್ತಾರೆ. ಇಷ್ಟು ಸೂಕ್ಷ್ಮವಾಗಿ ಕೇಳಬಲ್ಲ ಕಿವಿ ಸಿನಿಮಾ ಹಾಡಿಗೆ ಬಂದೊಡನೆ ರಾಗಕ್ಕಷ್ಟೇ ತೆರೆದುಕೊಂಡು ಮಾತಿಗೆ ಮುಚ್ಚಿಕೊಳ್ಳುವುದೇಕೆ ಎಂಬುದು ನನ್ನ ಪ್ರಶ್ನೆ.

ಪುಣೆಯಲ್ಲಿ ಕಂಡ ರೀತಿ ಬೇರೆ. ಇಲ್ಲಿನ ಭಾವಗೀತೆಯ ಕಾರ್ಯಕ್ರಮಗಳಲ್ಲಿ ಗಾಯಕರಷ್ಟೇ ಮುಖ್ಯನಾದ ಒಬ್ಬ ನಿವೇದಕ ವೇದಿಕೆಯ ಮೇಲಿರುತ್ತಾನೆ. ಪ್ರತಿ ಹಾಡಿಗೂ ಮುನ್ನ ಕವಿ ಯಾರು, ಯಾವ ಸಂದರ್ಭಕ್ಕೆ ಬರೆದದ್ದು, ಯಾವ ಸಾಲಿನ ಮೇಲೆ ಗಮನವಿರಬೇಕು ಎಂದು ಅವನು ಹೇಳಿದ ನಂತರವೇ ಹಾರ್ಮೋನಿಯಂ ಏಳುತ್ತದೆ. ನಮ್ಮಲ್ಲಿ ಒಂದು ಹಾಡಿನ ಗುರುತು ಹೇಳಬೇಕಾದರೆ ಚಿತ್ರದ ಹೆಸರು, ನಾಯಕನ ಹೆಸರು ಬರುತ್ತವೆ. ಇಲ್ಲಿನ ಹಿರಿಯರ ಬಾಯಲ್ಲಿ ಮೊದಲು ಬರುವುದು ಬರೆದವನ ಹೆಸರು. 1955ರ ಏಪ್ರಿಲ್ 1ರಿಂದ ಪುಣೆ ಆಕಾಶವಾಣಿಯಲ್ಲಿ ವಾರಕ್ಕೊಂದರಂತೆ ಪ್ರಸಾರವಾದ ‘ಗೀತ ರಾಮಾಯಣ’ದ 56 ಹಾಡುಗಳನ್ನು ಸಂಗೀತ ಕೊಟ್ಟ ಸುಧೀರ ಫಡಕೆಯವರೇ ಹಾಡುತ್ತ ಮನೆಮಾತು ಮಾಡಿದರೂ, ಅದು ಇಂದಿಗೂ ಮೊದಲು ಗ. ದಿ. ಮಾಡಗೂಳಕರರ ಕೃತಿ. ಅಲ್ಲಿಯೂ ವಾಲಿಯ ಪ್ರಸಂಗವುಂಟು. ಆದರೆ ಆ ಹಾಡಿನಲ್ಲಿ ಮಾತನಾಡುವವನು ರಾಮ. ತಾನು ಮಾಡಿದ್ದು ವಾಲಿಯ ವಧೆಯಲ್ಲ, ದುಷ್ಟನ ನಿರ್ಮೂಲನೆ ಎಂದು ಅವನು ಸಮರ್ಥಿಸಿಕೊಳ್ಳುತ್ತಾನೆ, ಹಾಡು ಮುಗಿಯುತ್ತದೆ, ಸಭೆ ಕೈಮುಗಿಯುತ್ತದೆ. ನಮ್ಮ ಜಗುಲಿಯಲ್ಲಿ ರಾಮನಿಗೆ ಅಷ್ಟು ಸುಲಭದ ಬಿಡುಗಡೆ ಸಿಗದು.

ಆದ್ದರಿಂದ ಮರಾಠಿಗರ ರೀತಿಯೇ ಮೇಲು ಎಂದು ನಾನು ಒಪ್ಪಲಾರೆ. ನಿವೇದಕನ ಮಾತು ಹಲವು ಬಾರಿ ಅತಿಯಾಗುತ್ತದೆ, ಹಾಡು ಶುರುವಾಗುವ ಮೊದಲೇ ಆರಿಹೋಗಿರುತ್ತದೆ, ಮತ್ತು ಅವನು ಹೇಳಿದ ಅರ್ಥಕ್ಕೆ ಎದುರು ಮಾತನಾಡುವವರು ಯಾರೂ ಇರುವುದಿಲ್ಲ. ತಾಳಮದ್ದಳೆಯಲ್ಲಿ ಅರ್ಥ ಹೇಳುವವನ ಎದುರಿಗೇ ಇನ್ನೊಬ್ಬ ಅರ್ಥಧಾರಿ ಕುಳಿತಿರುತ್ತಾನೆ, ಆಧಾರವಿಲ್ಲದ ಮಾತನ್ನು ಅಲ್ಲಿಯೇ ಹಿಡಿಯುತ್ತಾನೆ. ನಮ್ಮದು ಹೆಚ್ಚು ಗಟ್ಟಿಯಾದ ಕ್ರಮ. ಆದರೆ ಅದನ್ನು ಪುರಾಣಕ್ಕಷ್ಟೇ ಮೀಸಲಿಟ್ಟಿದ್ದೇವೆ. ಮರಾಠಿಗರು ತಮ್ಮ ಸಣ್ಣ ಕ್ರಮವನ್ನೇ ಸಿನಿಮಾ ಹಾಡಿಗೂ ಧಾರಾಳವಾಗಿ ಬಳಸುತ್ತಾರೆ.

ಹೀಗೆ ಮೀಸಲಿಟ್ಟಿದ್ದರಿಂದ ನಡೆಯುವ ತಮಾಷೆ ಒಂದೆರಡಲ್ಲ. ಜಿ. ಎಸ್. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’ ದೇವಸ್ಥಾನಗಳ ವರ್ಧಂತಿ ಉತ್ಸವದಲ್ಲಿ, ಗರ್ಭಗುಡಿಗೆ ಮುಖ ಮಾಡಿದ ವೇದಿಕೆಯಿಂದ, ಭಕ್ತಿಗೀತೆಯೆಂಬ ಹೆಸರಿನಲ್ಲಿ ಕೇಳಿಬರುತ್ತದೆ. ಕಲ್ಲುಮಣ್ಣಿನ ಗುಡಿಯಲ್ಲಿ ದೇವರಿಲ್ಲ, ನಮ್ಮೊಳಗಿರುವ ಪ್ರೀತಿ ಸ್ನೇಹಗಳನ್ನೇ ನಾವು ಗುರುತಿಸದೆ ಹೋದೆವು ಎಂದು ಕವಿ ಸ್ಪಷ್ಟವಾಗಿ ಹೇಳಿದ್ದಾರೆ, ಅರ್ಚಕರೂ ತಲೆದೂಗುತ್ತಾರೆ. ಇದನ್ನು ನಾನು ದೂರುವುದಿಲ್ಲ, ಬಹುಶಃ ಅದು ಹಾಡಿನ ಗೆಲುವೇ ಇರಬಹುದು. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದಕ್ಕೆ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕೋಳಿಯ ಮುಖವಾಡ ತೊಟ್ಟು ಕುಣಿಯುವುದನ್ನು ನೋಡುವಾಗ ಮಾತ್ರ ಸಂಕಟವಾಗುತ್ತದೆ. ನುಂಗಲಾರದ್ದು ನುಂಗಿದ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಕಟ್ಟಕಡೆಗೆ ಗುರು ಗೋವಿಂದನ ಪಾದ ತನ್ನನ್ನೇ ನುಂಗಿತೆಂದು ಶರೀಫರು ಹೇಳುತ್ತಾರೆ. ಅಲ್ಲಿಯವರೆಗಿನ ಒಗಟೆಲ್ಲ ಬಿಚ್ಚಿಕೊಳ್ಳುವುದು ಆ ಒಂದು ಸಾಲಿನಲ್ಲಿ. ಸಮಯ ಸಾಲದೆಂದು ಧ್ವನಿಮುದ್ರಣವನ್ನು ಆ ಸಾಲಿಗೆ ಮುಂಚೆಯೇ ನಿಲ್ಲಿಸಿದರೆ ಉಳಿಯುವುದು ಕೋಳಿ ಮಾತ್ರ. ಶಿಶುನಾಳವಾದರೂ ದೂರದ ಊರಲ್ಲ, ನಮ್ಮ ಮುಂಡಗೋಡು ದಾಟಿದರೆ ಅವರ ಶಿಗ್ಗಾವಿ ತಾಲೂಕೇ.

ರಾಗ ಮೊದಲು ಸಿದ್ಧವಾಗಿ, ಆಮೇಲೆ ಅದರ ಅಳತೆಗೆ ಪದ ಕೂರಿಸುವ ಸಿನಿಮಾ ಹಾಡಿನಲ್ಲಿ ಅರ್ಥ ಹುಡುಕಿದರೆ ಸಿಗುವುದೇನು ಎಂದು ಊರಿನ ಸ್ನೇಹಿತರು ಆಕ್ಷೇಪಿಸುತ್ತಾರೆ. ಆದರೆ ಯಕ್ಷಗಾನದ ಪ್ರಸಂಗಕರ್ತನೂ ಬರೆದದ್ದು ಮೊದಲೇ ಗೊತ್ತಿದ್ದ ಮಟ್ಟುಗಳಿಗೇ. ಪ್ರತಿ ಪದ್ಯದ ತಲೆಯ ಮೇಲೆ ರಾಗ ಇದು, ತಾಳ ಇದು ಎಂದು ನಮೂದಾಗಿರುತ್ತದೆ. ಅಳತೆಗೆ ಕೂರಿಸಿದ ಆ ಪದಗಳಿಂದಲೇ ನಮ್ಮ ಅರ್ಥಧಾರಿಗಳು ಬೆಳಗಿನವರೆಗೆ ಸಾಲುವಷ್ಟು ವಾದ ಹೊರತೆಗೆದಿದ್ದಾರೆ. ಕಾರವಾರದ ಕರಾವಳಿ ಉತ್ಸವದಲ್ಲಿಯೋ ಬನವಾಸಿಯ ಕದಂಬೋತ್ಸವದಲ್ಲಿಯೋ ಬೆಂಗಳೂರಿನಿಂದ ಬಂದ ಗಾಯಕರು ಎಲ್ಲರೂ ಕೈ ಮೇಲೆತ್ತಿ ಎಂದು ಕೂಗುವ ಬದಲು, ಇಬ್ಬರು ಒಳ್ಳೆಯ ಅರ್ಥಧಾರಿಗಳನ್ನು ಎದುರುಬದುರು ಕೂರಿಸಿ, ‘ಮುಂಗಾರು ಮಳೆ’ಯ ನಾಯಕ ಹುಡುಗಿಯನ್ನು ಬಿಟ್ಟುಕೊಟ್ಟದ್ದು ತ್ಯಾಗವೋ ಹೇಡಿತನವೋ ಎಂದು ಆ ಹಾಡಿನ ಸಾಲುಗಳನ್ನೇ ಆಧಾರವಾಗಿಟ್ಟುಕೊಂಡು ವಾದಿಸಲು ಬಿಟ್ಟರೆ, ಪುಣೆಯಿಂದ ರಾತ್ರಿ ಬಸ್ಸು ಹಿಡಿದು ಬರಲು ನಾನು ಸಿದ್ಧ. ಹೇಡಿತನವೆಂಬ ಪಕ್ಷ ವಹಿಸುವವರ ಕಡೆಗೆ ನನ್ನ ಒಲವು ಸ್ವಲ್ಪ ಹೆಚ್ಚು.